ಕುಡಿತ ಬಿಟ್ಟ ಮೇಲಿನ ರಗಳೆ

ಸಕಲೇಶಪುರದ ಕುಡಿತ ಬಿಡಿಸುವ ಶಿಬಿರದಲ್ಲಿ ನಾನು ನರ್ಸ್ ಆಗಿದ್ದೆ. ಶಿಬಿರ ಮುಗಿಸಿ ಹೋದವರ ಮನೆಗೆ ಹೋಗಿ ವಿಚಾರಿಸಿಕೊಂಡು ಬರುವುದೂ ನನ್ನ ಕೆಲಸವೇ. ಹಾಗೊಮ್ಮೆ ಹೊಂಗಡಹಳ್ಳದ ಹತ್ತಿರ ಕಾಫಿ ಎಸ್ಟೇಟಿನ ಕೂಲಿಯವರ ಲೈನ್ ಮನೆಯಲ್ಲಿದ್ದ ಪುಟ್ಟಸ್ವಾಮಣ್ಣನ ಮನೆಗೆ ಹೋದೆ. ಆಸಾಮಿ ಗೆಲುವಾಗಿದ್ದ, ಕೈ ನಡುಗುತ್ತಿರಲಿಲ್ಲ. ಅವನ ಹೆಂಡತಿ ಗೌರಮ್ಮ ಮಾತ್ರ ನನ್ನನ್ನು ಮೆಲ್ಲಗೆ ಹಿತ್ತಲಿಗೆ ಕರೆದಳು.

"ಮತ್ತೆ ಕುಡೀತಿದ್ದಾರಾ?" ಅಂದೆ ಗಾಬರಿಯಿಂದ.

"ಇಲ್ಲ ಕಣ್ರೀ ಸಿಸ್ಟರ್, ಅದೇ ತೊಂದ್ರೆ. ಕುಡೀತಿದ್ದಾಗ ಏನಿಕ್ಕಿದ್ರೂ ಉಂಡು ಮಲಗ್ಬುಡೋರು. ಈಗ ಉಪ್ಪು ಕಮ್ಮಿ, ಮುದ್ದೆ ಗಂಟು ಅಂತ ದಿನಾ ರಗಳೆ. ನಾನೇ ಒಂದು ಕ್ವಾರ್ಟರ್ ತಂದ್ಕೊಟ್ಬುಡಾನ ಅನ್ನಿಸ್ತೈತೆ."

ನಾನು ನೆಟ್ಟಗೆ ಒಳಗೆ ಹೋಗಿ, "ಪುಟ್ಟಸ್ವಾಮಣ್ಣ, ಸಂಜೆ ಹೊತ್ತು ಕೈಗೆ ಕೆಲಸ ಇದ್ದರೆ ಕುಡಿಯೋ ಆಸೆ ಹತ್ತಿರ ಬರಲ್ಲ. ಇವತ್ತಿಂದ ರಾತ್ರಿ ಅಡುಗೆ ನಿಮ್ಮದು" ಅಂದೆ.

ಮುಂದಿನ ಸಲ ಹೋದಾಗ ಅವನು ಒಲೆ ಮುಂದಿದ್ದ. ಗೌರಮ್ಮ ಜಗಲಿಯಲ್ಲಿ ಎಲೆಅಡಿಕೆ ಹಾಕಿಕೊಳ್ಳುತ್ತಾ, "ಉಂಡ್ಕಂಡೇ ಹೋಗಬೇಕು ಸಿಸ್ಟರ್" ಅಂದಳು. ಸಾರು ಬಾಯಿಗಿಟ್ಟರೆ ಖಾರ ನೆತ್ತಿಗೇರಿತು. ಗಂಡ ಹೆಂಡತಿ ಇಬ್ಬರೂ ನನ್ನ ಮುಖವನ್ನೇ ನೋಡುತ್ತಿದ್ದರು. "ಚೆನ್ನಾಗಿದೆ" ಅಂದು ಇನ್ನೊಂದು ಸೌಟು ಹಾಕಿಸಿಕೊಂಡೆ.

ಅವತ್ತು ಸಕಲೇಶಪುರ ಮುಟ್ಟುವವರೆಗೂ ದಾರಿಯುದ್ದಕ್ಕೂ ಕುಡಿದವಳು ನಾನು. ಬರೀ ನೀರು.