ಅನಸೂಯಮ್ಮನ ಉಲ್ಲನ್ ಗುಮ್ಮ
ದಸರೆಗೆ ಇನ್ನೂ ತಿಂಗಳಿರುವಾಗಲೇ, ಚನ್ನರಾಯಪಟ್ಟಣದ ಆ ಬೀದಿಯವರು ಅನಸೂಯಮ್ಮನ ಮನೆಗೆ ಸ್ವೆಟರ್ ಹಾಕಿಕೊಂಡು ಹೋಗಲು ಹೆದರುತ್ತಾರೆ. ಅಂಗನವಾಡಿ ಟೀಚರಾಗಿ ರಿಟೈರಾದ ಅವರಿಗೆ ಕಪ್ಪು ಉಲ್ಲನ್ ಕಂಡರೆ ಸಾಕು, "ತೋಳು ಸವ್ದೋಗೈತೆ ಕಣವ್ವ, ಕೊಡು, ಬಿಚ್ತೀನಿ" ಎಂದು ಕೈಚಾಚುತ್ತಾರೆ. ಬೊಂಬೆ ಸಾಲಿನ ತುದಿಯಲ್ಲಿ ವರ್ಷವೂ ಹೊಸ ಗುಮ್ಮ ಕೂರಲೇಬೇಕು: ಕೋಟಿನ ಗುಂಡಿಯ ಕಣ್ಣು, ಗೇಣುದ್ದದ ಕೆಂಪು ನಾಲಗೆ, ಒಳಗೆ ಕೈ ತೂರಿಸಿ ಆಡಿಸುವಂಥ, ಉಣ್ಣದ ಮಕ್ಕಳನ್ನು ಹೆದರಿಸುವ ಗುಮ್ಮ. ಹೆಣೆಯುವಾಗ ಮಾತಾಡಿಸಿದರೆ ಸಾಲು ಮುಗಿಯುವವರೆಗೆ ಉತ್ತರವಿಲ್ಲ. ಹಾಸನದ ಬಸ್ಸು ಎಷ್ಟೊತ್ತಿಗೆ ಎಂದು ಕೇಳಿದವರ ಕಡೆ ಅವರು ತಲೆಯೆತ್ತುವಷ್ಟರಲ್ಲಿ ಬಸ್ಸು ಶಾಂತಿಗ್ರಾಮ ದಾಟಿರುತ್ತದೆ. ಮೊಮ್ಮಗಳು ಸೌಜನ್ಯ ಗುಮ್ಮನೊಳಗೆ ಕೈ ಹಾಕಹೋದರೆ ಮಾತ್ರ ಸಾಲಿನ ನಡುವೆಯೇ "ತಗಿಯೇ, ಅರ್ದೋಯ್ತದೆ!" ಎಂಬ ಗದರಿಕೆ ಬರುತ್ತದೆ. ಈ ಸಲ ಅಜ್ಜಿ ಅಡುಗೆಮನೆಗೆ ಹೋದಾಗ ಅವಳು ಕೈ ತೂರಿಸಿಯೇ ಬಿಟ್ಟಳು. ಒಳಗೆ ಮೂರೇ ಬೆರಳಿಗೆ ಜಾಗವಿತ್ತು. "ತಪ್ಪು ಹೆಣ್ದಿದ್ದೀಯಲ್ಲಜ್ಜಿ!" ಎಂದು ಅಡುಗೆಮನೆಯತ್ತ ಕೂಗಿದಳು. "ತಪ್ಪಲ್ಲ ಕಣವ್ವ, ನಿಮ್ ತಾತನ ಕೈ ಅಳ್ತೆ ಅದು." ಆಲೆಮನೆಯ ಗಾಣಕ್ಕೆ ಎರಡು ಬೆರಳು ಕೊಟ್ಟಿದ್ದ ತಿಮ್ಮಪ್ಪ, ಪ್ರತಿ ದಸರೆಗೂ ಇದೇ ಜಗಲಿಯಲ್ಲಿ ಗುಮ್ಮನನ್ನು ಆಡಿಸುತ್ತ "ಯಾರ್ಲಾ ಉಂಡಿಲ್ದೋರು?" ಎಂದು ಗುಡುಗುತ್ತಿದ್ದರು. ಅವರು ಹೋಗಿ ಆರು ವರ್ಷವಾಯಿತು. ಸೌಜನ್ಯ ಆಟಕ್ಕೆ ಓಡಿದ ಮೇಲೆ ಅನಸೂಯಮ್ಮ ತಮ್ಮ ಎರಡು ಬೆರಳು ಮಡಚಿ ಕೈ ತೂರಿಸಿದರು, ಗುಮ್ಮನ ಮುಖವನ್ನು ತಮ್ಮತ್ತ ತಿರುಗಿಸಿಕೊಂಡರು, ಒಂದಿಷ್ಟು ಹೊತ್ತು ಕಾದರು. ಆಮೇಲೆ ಮೆಲ್ಲಗೆ, "ನಾನಿನ್ನೂ ಉಂಡಿಲ್ಲ ಕಣ್ರೀ" ಎಂದರು.