ಕೂತವರ ಮೇಲೆ ಕೂಗಬಾರದು

ಮೊನ್ನೆ ನಮ್ಮೂರ ಬಸ್‌ಸ್ಟ್ಯಾಂಡಿನ ಎದುರು ದೊಡ್ಡದೊಂದು ಫ್ಲೆಕ್ಸ್ ಎದ್ದು ನಿಂತಿದೆ. ಪಟ್ಟಣ ಪಂಚಾಯಿತಿಯವರು ಕಟ್ಟಿಸಲಿರುವ ಹೈಟೆಕ್ ಮಾರುಕಟ್ಟೆಯ ಚಿತ್ರ. ಕಂಪ್ಯೂಟರಿನಲ್ಲಿ ಮಾಡಿದ್ದು. ಗಾಜಿನ ಗೋಡೆ, ಕತ್ತರಿಸಿಟ್ಟ ಹುಲ್ಲು, ಒಂದೆಲೆಯೂ ಉದುರದ ಮರಗಳು. ಮುಂದುಗಡೆ ಹೊಂಬಣ್ಣದ ಕೂದಲಿನ ಹೆಂಗಸೊಬ್ಬಳು ಮಗುವನ್ನು ಗಾಡಿಯಲ್ಲಿ ಕೂರಿಸಿಕೊಂಡು ತಳ್ಳುತ್ತಿದ್ದಾಳೆ. ಮೇಗುಂದದ ಬಸ್ಸಿಗೆ ಕಾಯುತ್ತಿದ್ದ ಅಜ್ಜಿಯೊಬ್ಬರು ಅದನ್ನು ಬಹಳ ಹೊತ್ತು ನೋಡಿ, "ಇವ್ಳು ಯಾರ ಮನೆಯವ್ಳು ಮಾರಾಯ್ರೆ?" ಎಂದು ನನ್ನನ್ನು ಕೇಳಿದರು. ಗೊತ್ತಿಲ್ಲ ಎಂದೆ. ಆದರೆ ಆ ಬೋರ್ಡಿನ ಮುಂದೆ ಹೆಚ್ಚು ಹೊತ್ತು ನಿಲ್ಲಲಾಗದೆ ಅತ್ತ ಸರಿದೆ. ಏಕೆಂದರೆ ನಮ್ಮೂರಿನಲ್ಲಿ ಇಂಥ ಚಿತ್ರವನ್ನು ಮೊಟ್ಟಮೊದಲು ಬರೆದವನು ನಾನು.

ನಿಮ್ಮೂರು ಯಾವುದು ಎಂದು ಕೇಳಬೇಡಿ. ಕೊಪ್ಪ, ಶೃಂಗೇರಿ, ನರಸಿಂಹರಾಜಪುರ, ಈ ಮೂರರಲ್ಲಿ ಒಂದು ಎಂದಿಟ್ಟುಕೊಳ್ಳಿ. ಹೆಸರು ಹೇಳಿದರೆ ಒಂದು ಊರಿನವರಿಗೆ ಸಿಟ್ಟು ಬರುತ್ತದೆ. ಹೇಳದಿದ್ದರೆ ಮೂರೂ ಊರಿನವರು ಪಕ್ಕದೂರಿನ ಕಥೆ ಎಂದುಕೊಂಡು ಸಂತೋಷದಿಂದ ಓದುತ್ತಾರೆ. ನಾನು ಅಲ್ಲಿನ ಹೈಸ್ಕೂಲಿನಲ್ಲಿ ಡ್ರಾಯಿಂಗ್ ಮೇಷ್ಟ್ರಾಗಿದ್ದೆ. ಡ್ರಾಯಿಂಗ್ ಮೇಷ್ಟ್ರು ಎಂದರೆ ಲೆಕ್ಕದ ಮೇಷ್ಟ್ರು ರಜೆ ಹಾಕಿದಾಗ ಅವರ ಕ್ಲಾಸಿನಲ್ಲಿ ಗಲಾಟೆಯಾಗದಂತೆ ನೋಡಿಕೊಳ್ಳುವವನು. ಬಿಡುವಿದ್ದಾಗ ಊರಿನ ಅಂಗಡಿಗಳಿಗೆ ಬೋರ್ಡು ಬರೆಯುತ್ತಿದ್ದೆ. ನಾನೊಬ್ಬ ಕಲಾವಿದ ಎಂಬ ಗುಮಾನಿ ನನ್ನೊಬ್ಬನಿಗೇ ಇತ್ತು.

ಎರಡು ಸಾವಿರದ ಇಸವಿ ದಾಟಿ ಮೂರ್ನಾಲ್ಕು ವರ್ಷವಾಗಿತ್ತು. ಒಂದು ದಿನ ಪಂಚಾಯಿತಿಯ ನೋಟೀಸಿನಲ್ಲಿ "ಪಟ್ಟಣದ ಹೃದಯಭಾಗದ ಅಭಿವೃದ್ಧಿ" ಎಂಬ ಮಾತು ಕಾಣಿಸಿಕೊಂಡಿತು. ನಮ್ಮೂರಿಗೊಂದು ಹೃದಯವಿದೆ ಎಂದು ನಮಗೆ ತಿಳಿದದ್ದೇ ಆಗ. ಇದ್ದದ್ದು ಒಂದು ಬೀದಿ. ಅದರ ಈ ತುದಿಯಲ್ಲಿ ನಿಂತು ಕೆಮ್ಮಿದರೆ ಆ ತುದಿಯವರು ಕಷಾಯ ಕುಡಿ ಎನ್ನುತ್ತಿದ್ದರು. ವಿಚಾರಿಸಿದಾಗ, ಹೃದಯಭಾಗವೆಂದರೆ ಬಸ್‌ಸ್ಟ್ಯಾಂಡಿನ ಪಕ್ಕದ ಒಂಬತ್ತು ಹೆಂಚಿನ ಮಳಿಗೆಗಳು ಎಂದು ಗೊತ್ತಾಯಿತು. ಪಂಚಾಯಿತಿಗೇ ಸೇರಿದ ಹಳೇ ಮಳಿಗೆಗಳು. ಅವನ್ನು ಕೆಡವಿ ಎರಡಂತಸ್ತಿನ ವಾಣಿಜ್ಯ ಸಂಕೀರ್ಣ ಕಟ್ಟುವುದು, ಬಾಡಿಗೆಗೆ ಕೊಡುವುದು, ಬಂದ ಬಾಡಿಗೆಯಲ್ಲಿ ಊರನ್ನು ಉದ್ಧಾರ ಮಾಡುವುದು. ಎರಡು ದಿನಕ್ಕೊಮ್ಮೆ ನಲ್ಲಿಯಲ್ಲಿ ನೀರು ಬಿಡಲು ಏದುಸಿರು ಬಿಡುತ್ತಿದ್ದ ನಮ್ಮ ಪಂಚಾಯಿತಿ ಹೀಗೆ ರಾತ್ರೋರಾತ್ರಿ ಬಿಲ್ಡರ್ ಆಯಿತು.

ಒಂಬತ್ತು ಮಳಿಗೆಗಳಲ್ಲಿ ಮೂಲೆಯದು ಟೈಲರ್ ನಾಗಪ್ಪಣ್ಣನವರದು. ನಲವತ್ತು ವರ್ಷದಿಂದ ಅದೇ ಜಾಗ, ಅದೇ ಮಿಷನ್ನು. ಅವರ ಕತ್ತರಿಗಿಂತ ಅವರ ಜಗಲಿ ಹೆಚ್ಚು ಪ್ರಸಿದ್ಧವಾಗಿತ್ತು. ಸೀತೂರಿನಿಂದಲೋ ಅಡ್ಡಗದ್ದೆಯಿಂದಲೋ ಬಸ್ಸಿಳಿದವರು ಮೊದಲು ಅಲ್ಲಿ ತಮ್ಮ ಚೀಲ, ಕೊಡೆ, ಒಂದೊಂದು ಸಲ ಕಾಲು ಕಟ್ಟಿದ ಕೋಳಿಯನ್ನೂ ಇಟ್ಟು ತಾಲ್ಲೂಕು ಕಚೇರಿಗೆ ಹೋಗುತ್ತಿದ್ದರು. ಸಂಜೆ ಚೀಲ ಎತ್ತಿಕೊಳ್ಳಲು ಬಂದಾಗ, ಸುಮ್ಮನೆ ಹೋಗಲು ಸಂಕೋಚವಾಗಿ, ಒಂದು ರವಿಕೆಗೋ ಚಡ್ಡಿಗೋ ಅಳತೆ ಕೊಡುತ್ತಿದ್ದರು. ನಾಗಪ್ಪಣ್ಣನವರ ವ್ಯಾಪಾರವೆಲ್ಲ ಈ ಸಂಕೋಚದ ಮೇಲೆ ನಿಂತಿತ್ತು. ಹೊಲಿದದ್ದು ಹೇಳಿದ ದಿನಕ್ಕೆ ಸಿಗುತ್ತಿತ್ತೆಂದಲ್ಲ. ನಮ್ಮ ಶಾಲೆಯ ಯೂನಿಫಾರ್ಮನ್ನು ಅವರು ಕೊಡುವ ಹೊತ್ತಿಗೆ ಹುಡುಗರು ಎರಡಿಂಚು ಬೆಳೆದಿರುತ್ತಿದ್ದರು. "ಗೊತ್ತಿದ್ದೇ ಎರಡಿಂಚು ಬಿಟ್ಟಿದ್ದೆ ಮೇಷ್ಟ್ರೆ" ಎನ್ನುತ್ತಿದ್ದರು ಪುಣ್ಯಾತ್ಮ.

ಮಳಿಗೆಯವರಾರೂ ಜಾಗ ಬಿಡಲು ಒಪ್ಪಲಿಲ್ಲ. ಮೂರು ನೋಟೀಸು ಹೋಯಿತು, ಮೂರೂ ಬೋಂಡ ಕಟ್ಟಲು ಉಪಯೋಗವಾಯಿತು. ಆಗ ಪಂಚಾಯಿತಿ ಅಧ್ಯಕ್ಷರು ನನ್ನನ್ನು ಕರೆಸಿದರು. "ಜನಕ್ಕೆ ಪ್ಲಾನು ಅರ್ಥ ಆಗ್ತಾ ಇಲ್ಲ ಮೇಷ್ಟ್ರೆ. ಗೆರೆ ನೋಡಿದ್ರೆ ಹೆದರ್ತಾರೆ. ನೀವೊಂದು ಚಿತ್ರ ಬರೀರಿ, ಬಣ್ಣದ್ದು" ಎಂದರು. ನಾನು ಉಬ್ಬಿಹೋದೆ. ಹದಿನೈದು ದಿನ ಕೂತು ಬರೆದೆ. ನಿಮಗೆ ನಗು ಬರಬಹುದು, ಆ ಚಿತ್ರದಲ್ಲಿ ಒಂದು ಕಾರಂಜಿ ಇತ್ತು. ಪ್ಲಾನಿನಲ್ಲಿ ಇರಲಿಲ್ಲ, ನಾನೇ ಸೇರಿಸಿದ್ದು. ನಾನು ಜೀವಮಾನದಲ್ಲಿ ಕಾರಂಜಿ ನೋಡಿದ್ದು ಒಂದೇ ಸಲ, ಮದುವೆಯಾದ ಹೊಸತರಲ್ಲಿ ಮೈಸೂರಿನ ಕಡೆ ಹೋದಾಗ. ಅದನ್ನು ಎಲ್ಲಾದರೂ ಬಳಸಬೇಕೆಂದು ಇಪ್ಪತ್ತು ವರ್ಷ ಕಾದಿದ್ದೆ. ಆಕಾಶಕ್ಕೆ ಒಳ್ಳೇ ನೀಲಿ ಬಳಿದೆ. ವರ್ಷದಲ್ಲಿ ನಾಲ್ಕು ತಿಂಗಳು ಮಳೆ ಹೊಡೆಯುವ ಊರಿನಲ್ಲಿ ಚಪ್ಪಟೆ ತಾರಸಿಯ ಕಟ್ಟಡ ಬರೆದು, ಚಿತ್ರದಲ್ಲಿ ಒಬ್ಬನ ಕೈಗೂ ಒಂದು ಕೊಡೆ ಕೊಡಲಿಲ್ಲ. ಕೊನೆಗೆ, ನೈಜವಾಗಿರಲಿ ಎಂದು ಮಳಿಗೆಗಳ ಮೇಲೆ ಬೋರ್ಡು ಬರೆದೆ. ಕೆಳಗಿನ ಮೂಲೆಯ ಮಳಿಗೆಯ ಮೇಲೆ ಕೆಂಪಕ್ಷರದಲ್ಲಿ "ನಾಗಪ್ಪ ಟೈಲರ್ಸ್".

ಚಿತ್ರಕ್ಕೆ ಗಾಜು ಹಾಕಿಸಿ ಪಂಚಾಯಿತಿ ಆಫೀಸಿನ ಹಾಲಿನಲ್ಲಿ ತೂಗುಹಾಕಿದರು. ನಾಗಪ್ಪಣ್ಣ ಬಂದು ನೋಡಿದರು. ಹತ್ತಿರ ಹೋಗಿ ಕನ್ನಡಕ ಏರಿಸಿ ಇನ್ನೊಮ್ಮೆ ನೋಡಿದರು. "ಜಗಲಿ ಬರ್ದಿಲ್ವಲ್ಲ ಮೇಷ್ಟ್ರೆ" ಎಂದರು. ನಾನು ಮರುದಿನವೇ ಗಾಜು ಬಿಚ್ಚಿಸಿ ಒಂದು ಜಗಲಿ ಸೇರಿಸಿದೆ. ಅದಾದ ವಾರಕ್ಕೆ ಅವರು ಮಿಷನ್ ಎತ್ತಿಸಿ ಬಸ್‌ಸ್ಟ್ಯಾಂಡಿನ ಹಿಂದಿನ ತಗಡಿನ ಶೆಡ್ಡಿಗೆ ಹೋದರು. "ನಾಗಪ್ಪಣ್ಣನೇ ಹೋದ ಮೇಲೆ ನಮ್ದೆಂತ" ಎಂದು ಉಳಿದ ಎಂಟೂ ಜನ ಹಿಂದೆಯೇ ಹೋದರು. ಮೂರು ನೋಟೀಸು ಮಾಡದ ಕೆಲಸವನ್ನು ನನ್ನ ಒಂದು ಚಿತ್ರ ಮಾಡಿತು. ಶಂಕುಸ್ಥಾಪನೆಯ ದಿನ ನನಗೂ ಒಂದು ಶಾಲು ಹೊದಿಸಿದರು. ಆ ಶಾಲು ಹೊದ್ದುಕೊಂಡೇ ಮನೆವರೆಗೆ ನಡೆದು ಹೋದೆ, ಬೇಕೆಂದೇ ಸುತ್ತು ಹಾದಿಯಲ್ಲಿ.

ಶೆಡ್ಡಿನ ವಾಸ ಆರು ತಿಂಗಳೆಂದರು, ಮೂರು ವರ್ಷವಾಯಿತು. ಅಷ್ಟರಲ್ಲಿ ಅಧ್ಯಕ್ಷರು ಬದಲಾದರು, ಮುಖ್ಯಾಧಿಕಾರಿಗಳು ಇಬ್ಬರು ಬಂದು ಹೋದರು. ಅಂತೂ ಕಟ್ಟಡ ಎದ್ದಿತು. ಕಾರಂಜಿ ಇರಲಿಲ್ಲ, ಜಗಲಿ ಇರಲಿಲ್ಲ, ಆದರೆ ತಾರಸಿಯಿಂದ ನೀರು ಮಾತ್ರ ಧಾರಾಳವಾಗಿ ಬರುತ್ತಿತ್ತು. ಮಳಿಗೆಗಳಿಗೆ ಬಹಿರಂಗ ಹರಾಜು ಎಂದು ಪ್ರಕಟಣೆಯಾಯಿತು.

ಇಲ್ಲಿ ನಮ್ಮ ಕಡೆಯ ಹರಾಜಿನ ಬಗ್ಗೆ ಒಂದು ಮಾತು ಹೇಳಬೇಕು. ಪಂಚಾಯಿತಿಯ ಜಾಗದಲ್ಲಿ ಹಲಸಿನ ಮರಗಳಿದ್ದವು. ಅವುಗಳ ಫಸಲನ್ನು ವರ್ಷವರ್ಷವೂ ಹರಾಜು ಹಾಕುತ್ತಿದ್ದರು. ಅದನ್ನು ಹಿಡಿಯುವವನು ವರ್ಷವರ್ಷವೂ ಒಬ್ಬನೇ. ಬಿಲ್ ಕಲೆಕ್ಟರು ಸರ್ಕಾರಿ ಸವಾಲನ್ನು, ಅಂದರೆ ಹರಾಜು ಶುರುವಾಗುವ ಮೊತ್ತವನ್ನು, ಕೂಗುತ್ತಿದ್ದ. ಸೇರಿದವರೆಲ್ಲ ಮರದ ತುದಿ ನೋಡುತ್ತಾ ಸುಮ್ಮನಿರುತ್ತಿದ್ದರು. ಹಿಡಿಯುವವನೂ ಸುಮ್ಮನಿರುತ್ತಿದ್ದ. ಆಮೇಲೆ ಬಿಲ್ ಕಲೆಕ್ಟರೇ ಅವನ ಕಡೆ ತಿರುಗಿ, "ಹೋದ ವರ್ಷದ ಹಾಗೇ ಅಲ್ಲನ ಮಾರಾಯ?" ಎನ್ನುತ್ತಿದ್ದ. ಅವನು ತಲೆಯಾಡಿಸಿದರೆ ಹರಾಜು ಮುಗಿಯಿತು. ಕೂತವರ ಮೇಲೆ ಕೂಗಬಾರದು, ಅಂದರೆ ಮೊದಲಿನಿಂದ ಹಿಡಿದು ಬಂದವನಿರುವಾಗ ಬೇರೆಯವರು ಸವಾಲು ಏರಿಸಬಾರದು. ಇದು ಯಾವ ಕಾಯಿದೆ ಪುಸ್ತಕದಲ್ಲೂ ಇರಲಿಲ್ಲ, ಆದರೆ ಊರಿನ ಕುಡುಕ ಕೂಡ ಇದನ್ನು ಮೀರಿದವನಲ್ಲ. ಕೂತವನು ತಾನಾಗಿ ಬಾಯಿ ಬಿಡುವುದೂ ಮರ್ಯಾದೆಯಲ್ಲ.

ಹರಾಜಿನ ದಿನ ಇಡೀ ಊರು ಪಂಚಾಯಿತಿ ಹಾಲಿನಲ್ಲಿತ್ತು. ನಾಗಪ್ಪಣ್ಣ ಠೇವಣಿ ಕಟ್ಟಿ ಮುಂದಿನ ಬೆಂಚಿನಲ್ಲಿ ಕೂತಿದ್ದರು. ಹೊಸ ಬಿಳಿ ಶರಟು ಹಾಕಿದ್ದರು. ನನಗೆ ತಿಳಿದ ಮಟ್ಟಿಗೆ ಅವರು ಹೇಳಿದ ದಿನಕ್ಕೆ ಹೊಲಿದು ಮುಗಿಸಿದ ಏಕೈಕ ಶರಟು ಅದು. ಬಯಲುಸೀಮೆಯಿಂದ ಬಂದ ಹೊಸ ಮುಖ್ಯಾಧಿಕಾರಿ ಮೇಜಿನ ಹಿಂದಿದ್ದರು. ಪ್ರಾಮಾಣಿಕ ಮನುಷ್ಯ, ಎಲ್ಲವೂ ಕಾನೂನು ಪ್ರಕಾರ. ಅವರ ತಲೆಯ ಮೇಲೆ ಗೋಡೆಯಲ್ಲಿ ನನ್ನ ಚಿತ್ರ.

"ಒಂದನೇ ನಂಬರ್ ಮಳಿಗೆ. ಮೂಲೇದು" ಎಂದು ಅವರು ಸರ್ಕಾರಿ ಸವಾಲು ಓದಿದರು.

ಸಭೆ ಸ್ತಬ್ಧವಾಯಿತು. ಅದು ಗೌರವದ ಮೌನ. ಒಂದನೇ ನಂಬರು ಯಾರದೆಂದು ಎಲ್ಲರಿಗೂ ಗೊತ್ತಿತ್ತು. ನಾಗಪ್ಪಣ್ಣ ಕೈಕಟ್ಟಿ, ಸ್ವಲ್ಪ ತಲೆ ತಗ್ಗಿಸಿ, ಅಧಿಕಾರಿ ತಮ್ಮ ಕಡೆ ತಿರುಗಿ ಕೇಳುವುದನ್ನೇ ಕಾಯುತ್ತಿದ್ದರು. ಅಧಿಕಾರಿ ಗಡಿಯಾರ ನೋಡಿಕೊಂಡರು. ಅಷ್ಟರಲ್ಲಿ ಹಿಂದುಗಡೆಯಿಂದ ಹೊರಗಿನೂರಿನ ಒಬ್ಬ ಮೊಬೈಲ್ ಅಂಗಡಿಯವನು ಕೈಯೆತ್ತಿ, "ಅದರ ಮೇಲೆ ನೂರು ಸಾರ್" ಎಂದ.

"ಒಂದನೇ ಸಲ" ಎಂದರು ಅಧಿಕಾರಿ.

ನಾಗಪ್ಪಣ್ಣ ತಿರುಗಿ ಅವನನ್ನು ನೋಡಿದರು. ಸಿಟ್ಟಿನಿಂದಲ್ಲ. ಚಪ್ಪಲಿ ಹಾಕಿಕೊಂಡೇ ದೇವರಕೋಣೆಗೆ ಬಂದ ನೆಂಟನನ್ನು ನೋಡುವ ಹಾಗೆ. ಯಾರಾದರೂ ಅವನಿಗೆ ತಿಳಿಸಿ ಹೇಳುತ್ತಾರೆಂದು ಕಾದರು. ಊರಿನವರಾರೂ ಬಾಯಿ ಬಿಡಲಿಲ್ಲ. ಬಿಟ್ಟರೆ ಎಲ್ಲಿ ನಾಗಪ್ಪಣ್ಣನ ಮೇಲೆ ಕೂಗಿದ ಹಾಗಾಗುತ್ತದೋ ಎಂಬ ಹೆದರಿಕೆ.

"ಎರಡನೇ ಸಲ."

ಆಗ ನಾಗಪ್ಪಣ್ಣ ನನ್ನನ್ನು ನೋಡಿದರು. "ಸಾರ್, ಒಂದು ನಿಮಿಷ" ಎಂದು ನಾನು ಅಂದಿದ್ದರೆ ಸಾಕಿತ್ತು. ಮೂರು ಪದ. ನಾನು ಸರ್ಕಾರಿ ನೌಕರ, ಇಲ್ಲಿ ಬಾಯಿ ಹಾಕಬಾರದು ಎಂದು ನನಗೆ ನಾನೇ ಹೇಳಿಕೊಂಡೆ. ಕಣ್ಣು ತಪ್ಪಿಸಿ ಗೋಡೆ ನೋಡಿದೆ. ಆ ಗಳಿಗೆಯಲ್ಲಿ ನನ್ನ ಮನಸ್ಸಿನಲ್ಲಿದ್ದದ್ದು ಏನೆಂದು ಹೇಳಲು ನನಗೆ ಇವತ್ತಿಗೂ ನಾಚಿಕೆ: ಕಾರಂಜಿಗೆ ನೀಲಿ ಸ್ವಲ್ಪ ಜಾಸ್ತಿಯಾಯಿತು ಎಂದು ಯೋಚಿಸುತ್ತಿದ್ದೆ.

"ಮೂರನೇ ಸಲ" ಎಂದು ಅಧಿಕಾರಿ ಸೀಲನ್ನು ಮೇಜಿಗೆ ಕುಟ್ಟಿದರು.

ಗುಜುಗುಜು ಶುರುವಾಯಿತು. ಯಾರೋ ಹೋಗಿ ಅಧಿಕಾರಿಯ ಕಿವಿಯಲ್ಲಿ ಹೇಳಿದರು. ಪಾಪ, ಅವರಿಗೂ ಬೇಸರವಾಯಿತು. "ನೀವು ಯಾಕ್ರೀ ಕೂಗ್ಲಿಲ್ಲ ಯಜಮಾನ್ರೆ?" ಎಂದು ಕೇಳಿದರು. ನಾಗಪ್ಪಣ್ಣ ಗೋಡೆಯ ಕಡೆ ಕೈ ತೋರಿಸಿ, "ಅಲ್ಲಿ ಬರ್ದಿದೆಯಲ್ಲ ಸಾರ್" ಎಂದರು. ಅಧಿಕಾರಿ ಕುರ್ಚಿಯಿಂದೆದ್ದು, ತಿರುಗಿ, ಕೆಂಪಕ್ಷರವನ್ನು ಓದಿದರು. ಕೆಳಗಿನ ನನ್ನ ರುಜುವನ್ನೂ ಓದಿದರು.

"ಅದು ಚಿತ್ರ ಕಣ್ರೀ" ಎಂದರು.

ಮಹಡಿಯಲ್ಲೊಂದು ಮಳಿಗೆ ಕೊಡುತ್ತೇವೆ ಎಂದರು. ನಾಗಪ್ಪಣ್ಣ ಬೇಡವೆಂದರು. ಒದ್ದೆ ಕೊಡೆ, ಕೋಳಿ ಹಿಡಿದುಕೊಂಡು ಮೆಟ್ಟಿಲು ಹತ್ತಿ ಚೀಲ ಇಟ್ಟುಹೋಗುವವರು ಯಾರು? ಮಹಡಿಯ ಮಳಿಗೆಗಳನ್ನು ಯಾರೂ ಹಿಡಿಯಲಿಲ್ಲ. ಕೊನೆಗೆ ಪಂಚಾಯಿತಿ ತನ್ನ ಹಳೇ ಫೈಲುಗಳನ್ನು ಅಲ್ಲಿಗೆ ಸಾಗಿಸಿ, ತಾನೇ ಕಟ್ಟಿದ ಕಟ್ಟಡದಲ್ಲಿ ತಾನೇ ಬಿಡಾರ ಹೂಡಿತು. ಇನ್ನೊಂದು ಸಂಗತಿ ಬಚ್ಚಿಡಬಹುದಿತ್ತು, ಹೇಳಿಬಿಡುತ್ತೇನೆ. ಮೊಬೈಲ್ ಅಂಗಡಿಯ ಬೋರ್ಡು ಬರೆದುಕೊಟ್ಟವನೂ ನಾನೇ. ಹಬ್ಬ ಹತ್ತಿರವಿತ್ತು, ಹುಡುಗ ಮರ್ಯಾದೆಯಿಂದ ಕೇಳಿದ.

ನಾಗಪ್ಪಣ್ಣ ಗುಡ್ಡದ ಮೇಲಿನ ತಮ್ಮ ಮನೆಯಲ್ಲೇ ಮಿಷನ್ ಇಟ್ಟುಕೊಂಡರು. ಅಲ್ಲಿಗೆ ಗಿರಾಕಿಗಳು ಬರುತ್ತಿರಲಿಲ್ಲ. ನಾನೂ ಎರಡು ವರ್ಷ ಹೋಗಲಿಲ್ಲ. ಕೊನೆಗೊಂದು ದಿನ ಚೆನ್ನಾಗಿದ್ದ ಪ್ಯಾಂಟಿನ ಹೊಲಿಗೆಯನ್ನು ಬ್ಲೇಡಿನಲ್ಲಿ ಬಿಚ್ಚಿ, ಅದನ್ನೇ ನೆಪ ಮಾಡಿಕೊಂಡು ಹೋದೆ. ಅವರು ಹೊಲಿಗೆ ನೋಡಿದರು, ನನ್ನನ್ನು ನೋಡಿದರು, ಹೊಲಿಯತೊಡಗಿದರು. ಅವರ ಮನೆಯವರು ಕಾಫಿ ಕೊಟ್ಟರು. ನಾನೇ ಕೇಳಿದೆ.

"ಆವತ್ತು ನೀವೊಂದು ಮಾತು ಕೂಗಿದ್ರೆ ಆಗ್ತಿತ್ತಲ್ಲ ನಾಗಪ್ಪಣ್ಣ. ಎಂತಕ್ಕೆ ಸುಮ್ಮನಿದ್ರಿ?"

ಅವರು ಮಿಷನ್ ನಿಲ್ಲಿಸಿದರು. "ನನ್ನ ಜಾಗಕ್ಕೆ ನಾನೇ ಸವಾಲು ಕೂಗಿದ್ರೆ, ಅದು ನಂದಲ್ಲ ಅಂತ ನಾನೇ ಒಪ್ಕೊಂಡ ಹಾಗೆ ಅಲ್ದಾ ಮೇಷ್ಟ್ರೆ? ನಾನು ಹೇಳೂದಲ್ಲ ಅದು. ಬೇರೆಯವ್ರು ಹೇಳೂದು." ದಾರ ಕಚ್ಚಿ ಕತ್ತರಿಸಿದರು. "ಯಾರಾದ್ರೂ ಒಬ್ರು."

ನೀವು ಎಂದು ಅವರು ಅನ್ನಲಿಲ್ಲ. ಅಂದಿದ್ದರೆ ನನಗೆ ಎಷ್ಟೋ ಹಗುರವಾಗುತ್ತಿತ್ತು. ಅವರು ತೀರಿಕೊಂಡು ಈಗ ಬಹಳ ವರ್ಷವಾಯಿತು.

ಈಗ ಫ್ಲೆಕ್ಸಿನಲ್ಲಿರುವ ಹೊಸ ಮಾರುಕಟ್ಟೆಗಾಗಿ ಆ ಸಂಕೀರ್ಣವನ್ನೂ ಅದರ ಪಕ್ಕದ ತರಕಾರಿ ಶೆಡ್ಡನ್ನೂ ಕೆಡವುತ್ತಾರಂತೆ. ಶೆಡ್ಡಿನಲ್ಲಿ ಏಳೆಂಟು ಹೆಂಗಸರು ಸೊಪ್ಪು, ಬಸಳೆ, ಕೆಸುವಿನ ಎಲೆ ಮಾರಿಕೊಂಡಿದ್ದಾರೆ. ನಿನ್ನೆ ಅದೇ ಹಾಲಿನಲ್ಲಿ ಸಾರ್ವಜನಿಕರ ಸಭೆ. ನಾನು ಸಾಮಾನ್ಯವಾಗಿ ಇಂಥದ್ದಕ್ಕೆ ಹೋಗುವವನಲ್ಲ, ಹೋದೆ. ಈಗಿನ ಅಧಿಕಾರಿ ಮಾಹಿತಿಯನ್ನೆಲ್ಲ ಸರಸರನೆ ಓದಿ, "ಯಾರ್ದಾದ್ರೂ ಆಕ್ಷೇಪಣೆ ಇದೆಯಾ?" ಎಂದು ಕೇಳಿದರು. ಸೊಪ್ಪಿನ ಹೆಂಗಸರು ಹಿಂದಿನ ಬೆಂಚಿನಲ್ಲಿ ಬಾಯಿಗೆ ಸೆರಗು ಹಿಡಿದು, ತಲೆ ತಗ್ಗಿಸಿ ಕೂತಿದ್ದರು. ತಮ್ಮ ವಿಷಯವನ್ನು ತಾವೇ ಎತ್ತುವುದು ಹೇಗೆ ಎಂಬ ಸಂಕೋಚ. ಉಳಿದವರೂ ಸುಮ್ಮನಿದ್ದರು. ಆ ಮೌನ ನನಗೆ ಚೆನ್ನಾಗಿ ಪರಿಚಯವಿತ್ತು.

ಎದ್ದು ನಿಂತೆ. ಎರಡೂ ಮಂಡಿಗಳು ಲಟಲಟ ಎಂದವು. "ಇದೆ" ಎಂದೆ.

"ಏನು ನಿಮ್ಮ ಆಕ್ಷೇಪಣೆ, ಹೇಳಿ ಸಾರ್" ಎಂದರು ಅಧಿಕಾರಿ.

ನಿಜ ಹೇಳಬೇಕೆಂದರೆ ನಾನು ಅದನ್ನು ಯೋಚಿಸಿಕೊಂಡು ಬಂದಿರಲಿಲ್ಲ. "ಎಂತದು ಅಂತ ಆಮೇಲೆ ಹೇಳ್ತೇನೆ. ಇದೆ ಅಂತ ಮೊದಲು ಬರ್ಕೊಳ್ಳಿ" ಎಂದೆ.

ಗುಮಾಸ್ತ ಅಧಿಕಾರಿಯ ಮುಖ ನೋಡಿದ. ಅವನ ಮುಂದಿದ್ದ ಹಾಳೆಯಲ್ಲಿ "ಯಾವುದೇ ಆಕ್ಷೇಪಣೆ ಬಂದಿರುವುದಿಲ್ಲ" ಎಂದು ಆಗಲೇ ಟೈಪ್ ಆಗಿತ್ತು. "ಹೊಡೆದು ಹಾಕಿ ಬರೀರಿ, ನಾನು ಕಾಯ್ತೇನೆ" ಎಂದೆ. ಇಡೀ ಸಭೆ ನನ್ನನ್ನು ಮರ್ಯಾದೆಗೆಟ್ಟವನನ್ನು ನೋಡುವಂತೆ ನೋಡುತ್ತಿತ್ತು. ಗುಮಾಸ್ತ ಪೆನ್ನಿನ ಮುಚ್ಚಳ ತೆಗೆಯುವವರೆಗೂ ನಾನು ಕೂರಲಿಲ್ಲ.