ಅಮಾವಾಸ್ಯೆಗೆ ಆಡುವ ತಂಡ

ಬನಹಟ್ಟಿಯ ನಮ್ಮ ನೇಕಾರರ ಫುಟ್‌ಬಾಲ್ ತಂಡ ಮಗ್ಗಗಳಿಗೆ ಸೂಟಿ ಇರುವ ಅಮಾವಾಸ್ಯೆಗೆ ಮಾತ್ರ ಆಡುತ್ತಿತ್ತು, ಆಡಿದಾಗಲೆಲ್ಲ ಸೋಲುತ್ತಿತ್ತು. ಮನೆತನದಲ್ಲಿ ಮೊದಲು ಬಿ.ಎ. ಮಾಡಿದವನು ನಾನು. ಜಮಖಂಡಿಯಲ್ಲಿ ನೌಕರಿ ಸಿಕ್ಕ ಮೇಲೂ ಬಸ್ಸು ಹಿಡಿದು ಆಟಕ್ಕೆ ಬರುತ್ತಿದ್ದೆ. ಬರಬರುತ್ತ ನಮ್ಮ ತಂಡದ ಪರ ಕೂಗುವವನು ನಾನೊಬ್ಬನೇ ಉಳಿದೆ.

ಜಮಖಂಡಿ ತಂಡ ಆಡಲು ಬಂದ ದಿನ ನನ್ನ ಆಫೀಸಿನ ಗೆಳೆಯ ಆಚೆ ಬದಿಯಿಂದ ಕೂಗಿದ: “ಇನ್ನರ ಈ ಕಡೆ ಬಾರಲೇ! ಸೋಲೋರ ಹಿಂದ ಎಷ್ಟ ಅಡ್ಡಾಡ್ತಿ?”

“ಬಿ.ಎ.ದಾಗ ನಾ ಎರಡ ಸಲ ನಪಾಸಾದ್ನಿ. ನಮ್ಮಪ್ಪ ಬ್ಯಾರೆ ಮಗನ್ನ ಹುಡುಕಿದ್ನೇನಲೇ?” ಅಂದೆ.

ಅವತ್ತೂ ಸೋತೆವು. ನಮ್ಮ ನಾಯಕ, “ಸಾಕಿನ್ನ, ಬಿಟ್ಟಬಿಡೂಣು. ಯಾರ ಸಲುವಾಗಿ ಆಡೂದು?” ಅಂದ.

“ನನ್ನ ಸಲುವಾಗಿ. ಮುಂದಿನ ಅಮಾಸಿಗೂ ನಾ ಬರಾಂವನ.”

ಅವನು ನನ್ನ ಮಾರಿ ನೋಡಿ ಚೆಂಡು ಎಸೆದ. “ಹಂಗಾರ ಗಾಳಿ ತುಂಬಿಸ್ಕೊಂಡು ನೀನ ತೊಗೊಂಡ ಬಾ.”